ವೈಬುಲ್ ವಿತರಣೆ ಮತ್ತು ಬಾಳಿಕೆಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇರಿಂಗು, ಮೋಟರು, ಪಂಪುಗಳ ಬಾಳಿಕೆಯನ್ನು ಅಳೆಯುವ ಎಂಜಿನಿಯರುಗಳಿಗೂ, ಚಿಕಿತ್ಸೆಯ ಫಲವನ್ನು ವಾರ, ತಿಂಗಳುಗಳಲ್ಲಿ ಎಣಿಸುವ ವೈದ್ಯಕೀಯ ಸಂಶೋಧಕರಿಗೂ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಡಲಾಗಿದೆ. ಎರಡೂ ಕಡೆ ಗಣಿತ ಒಂದೇ. ಅಲ್ಲಿ 'ಕೆಟ್ಟಿತು' ಎನ್ನುವುದನ್ನು ಇಲ್ಲಿ 'ರೋಗ ಮರುಕಳಿಸಿತು' ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ವೈಬುಲ್ ವಿತರಣೆ ಎಂದರೇನು?

ಒಂದು ವಸ್ತು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಎರಡೇ ಸಂಖ್ಯೆಗಳಿಂದ ವರ್ಣಿಸುವ ಸಂಭವನೀಯತೆಯ ಸೂತ್ರವಿದು. ಮೊದಲನೆಯದು ಬೀಟಾ, ಅಂದರೆ ರೇಖೆಯ ಆಕಾರವನ್ನು ನಿರ್ಧರಿಸುವ ಸಂಖ್ಯೆ. ಎರಡನೆಯದು ಈಟಾ, ಅಂದರೆ ಗಂಟೆ, ವಾರ, ಸುತ್ತು ಮುಂತಾದ ಮಾನದಲ್ಲಿರುವ ವಿಶಿಷ್ಟ ಆಯಸ್ಸು. ಯಾವುದಾದರೂ ಒಂದು ಕಾಲದವರೆಗೆ ಕೆಡದೆ ಉಳಿಯುವ ಪಾಲು ಎಷ್ಟೆಂದು ತಿಳಿಯಲು, ಆ ಕಾಲವನ್ನು ಈಟಾದಿಂದ ಭಾಗಿಸಿ, ಬಂದದ್ದನ್ನು ಬೀಟಾ ಘಾತಕ್ಕೆ ಏರಿಸಿ, ಅದಕ್ಕೆ ಋಣ ಚಿಹ್ನೆ ಹಾಕಿ, ಸ್ವಾಭಾವಿಕ ಲಾಗರಿದಮ್ಮಿನ ಆಧಾರವಾದ 2.718ಕ್ಕೆ ಘಾತವಾಗಿ ಇಡಬೇಕು. ಬೀಟಾ 2 ಆಗಿದ್ದು ಈಟಾದ ಅರ್ಧದಷ್ಟು ಕಾಲ ಕಳೆದಿದ್ದರೆ, ಅರ್ಧದ ವರ್ಗ 0.25, 2.718ರ ಋಣ 0.25 ಘಾತ 0.779. ಅಂದರೆ ನೂರರಲ್ಲಿ ಸುಮಾರು 78 ಇನ್ನೂ ಓಡುತ್ತಿರುತ್ತವೆ.

ಈಟಾ ಎಂದರೆ ಸರಾಸರಿ ಆಯಸ್ಸೇ?

ಅಲ್ಲ. ಈಟಾದಷ್ಟು ಕಾಲ ಕಳೆದಾಗ ಬೀಟಾ ಏನೇ ಇದ್ದರೂ ಶೇ. 63.2ರಷ್ಟು ವಸ್ತುಗಳು ಕೆಟ್ಟಿರುತ್ತವೆ, ಏಕೆಂದರೆ 1ನ್ನು ಯಾವ ಘಾತಕ್ಕೆ ಏರಿಸಿದರೂ ಅದು 1 ಆಗಿಯೇ ಉಳಿಯುತ್ತದೆ. ಬೀಟಾ 1 ಆಗಿರುವಾಗ ಮಾತ್ರ ಈಟಾ ಮತ್ತು ಸರಾಸರಿ ಒಂದೇ ಆಗುತ್ತವೆ.

ಈ ಹೆಸರು ಎಲ್ಲಿಂದ ಬಂತು?

ವಲೋಡಿ ವೈಬುಲ್ (1887–1979) ಸ್ವೀಡನ್ನಿನ ಎಂಜಿನಿಯರ್. 1939ರಲ್ಲಿ ಅವರು ವಸ್ತುಗಳ ಬಲದ ಬಗ್ಗೆ ಬರೆಯುವಾಗ ಈ ಸೂತ್ರವನ್ನು ಬಳಸಿದರು. 1951ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಿಂದ ಅದು ಜಗತ್ತಿಗೆಲ್ಲ ಹರಡಿತು. ಆ ಪ್ರಬಂಧದಲ್ಲಿ ಏಳು ಉದಾಹರಣೆಗಳಿದ್ದವು. ಉಕ್ಕಿನ ಬಲ ಮತ್ತು ದಣಿವಿನ ಆಯಸ್ಸಿನ ಪಕ್ಕದಲ್ಲೇ ಬೀನ್ಸ್ ಕಾಳಿನ ಅಗಲ, ಬ್ರಿಟನ್ನಿನ ಗಂಡಸರ ಎತ್ತರ, ಭಾರತದ ಹತ್ತಿಯ ಎಳೆಯ ಬಲ ಇವೂ ಇದ್ದವು. ಸೂತ್ರವನ್ನು ಮೊದಲು ಕಂಡವರು ಅವರೇ ಎನ್ನಲಾಗದು: ಫ್ರಾನ್ಸಿನ ಫ್ರೆಶೆ 1927ರಲ್ಲಿಯೇ ಇದರ ಬಂಧುವನ್ನು ಗುರುತಿಸಿದ್ದರು, ರೋಸಿನ್ ಮತ್ತು ರಾಮ್ಲರ್ 1933ರಲ್ಲಿ ಪುಡಿಯ ಕಣಗಳ ಗಾತ್ರಕ್ಕೆ ಇದನ್ನು ಹೊಂದಿಸಿದ್ದರು. ಬಳಸಿ ತೋರಿಸಿದವರ ಹೆಸರು ಉಳಿಯಿತು.

ಬೀಟಾದ ಬೆಲೆಯಿಂದ ಏನು ತಿಳಿಯುತ್ತದೆ?

ಈ ಲೆಕ್ಕದ ಜೀವ ಇರುವುದೇ ಇಲ್ಲಿ. ಬೀಟಾ 1ಕ್ಕಿಂತ ಕಡಿಮೆಯಿದ್ದರೆ ಕೆಡುವ ದರ ಕಾಲ ಕಳೆದಂತೆ ಇಳಿಯುತ್ತದೆ, ಅಂದರೆ ಆರಂಭದಲ್ಲಿಯೇ ಗಂಡಾಂತರ ಹೆಚ್ಚು. ಬೋರ್‌ವೆಲ್ ಮೋಟರಿಗೆ ಹೊಸದಾಗಿ ವೈಂಡಿಂಗ್ ಮಾಡಿಸಿದವರು 'ಮೊದಲ ತಿಂಗಳು ದಾಟಿದರೆ ಆಮೇಲೆ ಬಾಳಿಕೆ ಬರುತ್ತದೆ' ಎನ್ನುವಾಗ ಅವರು ಹೇಳುತ್ತಿರುವುದು ಇದನ್ನೇ. ಅಂಥ ಕಡೆ ತಪ್ಪು ಇರುವುದು ಕೆಲಸದ ಗುಣಮಟ್ಟದಲ್ಲಿ ಅಥವಾ ಜೋಡಣೆಯಲ್ಲಿ. ಬೀಟಾ 1ರ ಆಸುಪಾಸಿನಲ್ಲಿದ್ದರೆ ವಸ್ತುವಿನ ವಯಸ್ಸಿಗೂ ಕೆಡುವುದಕ್ಕೂ ಸಂಬಂಧವಿಲ್ಲ. ಸಿಡಿಲು ಬಡಿದೋ ವೋಲ್ಟೇಜ್ ಏಕಾಏಕಿ ಏರಿಯೋ ಸುಡುವ ಮೋಟರಿಗೆ ಹಳೆಯದು ಹೊಸದು ಎಂಬ ಭೇದವಿಲ್ಲವಾದ್ದರಿಂದ, ಓಡುತ್ತಿರುವ ಹಳೆಯದನ್ನು ಕಿತ್ತು ಹೊಸದನ್ನು ಇಳಿಸುವುದು ದಂಡ. ಬೀಟಾ 1ಕ್ಕಿಂತ ಹೆಚ್ಚಿದ್ದರೆ ಸವಕಳಿ, ದಣಿವು, ತುಕ್ಕು ಕೆಲಸ ಮಾಡುತ್ತಿವೆ ಎಂದರ್ಥ. ಕೆಡುವ ಮೊದಲೇ ಬದಲಿಸುವ ಯೋಜನೆಗೆ ಅರ್ಥ ಬರುವುದು ಆಗ ಮಾತ್ರ, ಅದೂ ಮುಂಚಿತವಾಗಿ ಬದಲಿಸುವ ಖರ್ಚು ನಡುವೆ ಕೈಕೊಟ್ಟಾಗ ಆಗುವ ನಷ್ಟಕ್ಕಿಂತ ಕಡಿಮೆಯಿದ್ದರೆ. ಬೀಟಾ 2 ಇದ್ದಾಗ ಕೆಡುವ ದರ ಕಾಲದೊಂದಿಗೆ ನೇರ ಗೆರೆಯಲ್ಲಿ ಏರುತ್ತದೆ, ಸುಮಾರು 3.5 ಇದ್ದಾಗ ಇಡೀ ವಿತರಣೆಯ ಆಕಾರ ಪರಿಚಿತ ಗಂಟೆಯಾಕಾರವನ್ನು ಹೋಲುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಒಳ್ಳೆಯ ಮಾಲು ಮತ್ತು ಕೆಟ್ಟ ಮಾಲು ಬೆರೆತ ಗುಂಪಿನಲ್ಲಿ ಕೆಟ್ಟವು ಮೊದಲು ಉದುರಿಹೋಗುವುದರಿಂದ ಉಳಿದವುಗಳ ಕೆಡುವ ದರ ಇಳಿದಂತೆ ಕಾಣುತ್ತದೆ. ಯಾವ ಒಂದು ವಸ್ತುವೂ ಕಾಲ ಕಳೆದಂತೆ ಗಟ್ಟಿಯಾಗದಿದ್ದರೂ ಲೆಕ್ಕದಲ್ಲಿ ಬೀಟಾ 1ಕ್ಕಿಂತ ಕೆಳಗೆ ಬರಬಹುದು.

ಬಾತ್‌ಟಬ್ ರೇಖೆಯನ್ನು ಒಂದೇ ವೈಬುಲ್ ವಿತರಣೆ ವಿವರಿಸಬಲ್ಲುದೇ?

ವಿವರಿಸಲಾರದು. ಕೆಡುವ ದರ ಆರಂಭದಲ್ಲಿ ಇಳಿದು, ನಡುವೆ ಸಮವಾಗಿ ಸಾಗಿ, ಕೊನೆಗೆ ಏರುವ ಈ ರೇಖೆಯಲ್ಲಿ (ಟಬ್ಬು ಕಾಣದವರು ಪಕ್ಕದಿಂದ ನೋಡಿದ ದೋಣಿ ಎಂದುಕೊಳ್ಳಬಹುದು) ಮೂರು ಬಗೆಯ ಕಾರಣಗಳಿವೆ. ಒಂದೇ ಬೀಟಾ ಇರುವ ವೈಬುಲ್ ಏರುತ್ತಲೇ ಇರುತ್ತದೆ, ಇಳಿಯುತ್ತಲೇ ಇರುತ್ತದೆ ಅಥವಾ ಸಮವಾಗಿರುತ್ತದೆ. ಕಾರಣಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ಒಂದೊಂದು ವಿತರಣೆಯನ್ನು ಹೊಂದಿಸುವುದು ಸರಿಯಾದ ದಾರಿ. ಬೇರಿಂಗ್ ಸವೆದು ನಿಂತ ಮೋಟರನ್ನೂ ವೈಂಡಿಂಗ್ ಸುಟ್ಟ ಮೋಟರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಸಿಗುವ ಬೀಟಾ ಎರಡರ ಸ್ವಭಾವವನ್ನೂ ಹೇಳುವುದಿಲ್ಲ.

ಇನ್ನೂ ಕೆಡದ ವಸ್ತುಗಳನ್ನು ಲೆಕ್ಕದಿಂದ ಬಿಡಬಹುದೇ?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ಜಾಗವೂ ಇದೇ. ಅಧ್ಯಯನ ಮುಗಿಯುವ ಹೊತ್ತಿಗೆ ಇನ್ನೂ ಓಡುತ್ತಿರುವ ಯಂತ್ರ, ರೋಗ ಮರುಕಳಿಸದೆ ಉಳಿದ ರೋಗಿ, ನಡುವೆ ಸಂಪರ್ಕಕ್ಕೆ ಸಿಗದೆ ಹೋದವರು, ಇವರ ಆಯಸ್ಸು 'ಇಷ್ಟಕ್ಕಿಂತ ಹೆಚ್ಚು' ಎಂದಷ್ಟೇ ನಮಗೆ ಗೊತ್ತಿರುತ್ತದೆ. ಇದಕ್ಕೆ ಸೆನ್ಸರಿಂಗ್ ಎನ್ನುತ್ತಾರೆ. ಸಿನಿಮಾ ಸೆನ್ಸಾರಿಗೂ ಇದಕ್ಕೂ ನಂಟಿಲ್ಲ, ಇಲ್ಲಿ ಯಾರೂ ಏನನ್ನೂ ಕತ್ತರಿಸುವುದಿಲ್ಲ, ಕತ್ತರಿಸಬಾರದು ಎಂಬುದೇ ಇಲ್ಲಿನ ಪಾಠ.

1963ರಲ್ಲಿ ಪ್ರಕಟವಾದ, ಫ್ರೈರೈಕ್ ಮತ್ತು ಸಂಗಡಿಗರು ನಡೆಸಿದ ರಕ್ತ ಕ್ಯಾನ್ಸರ್ ಪರೀಕ್ಷೆಯನ್ನು ನೋಡೋಣ. ರೋಗ ಶಮನಗೊಂಡಿದ್ದ 42 ರೋಗಿಗಳಲ್ಲಿ 21 ಮಂದಿಗೆ 6-ಮರ್ಕ್ಯಾಪ್ಟೋಪ್ಯೂರಿನ್ ಎಂಬ ಔಷಧವನ್ನೂ 21 ಮಂದಿಗೆ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟು, ಎಷ್ಟು ವಾರಗಳ ನಂತರ ರೋಗ ಮರುಕಳಿಸುತ್ತದೆ ಎಂದು ಗಮನಿಸಲಾಯಿತು. ಹುಸಿ ಗುಳಿಗೆಯ ಗುಂಪಿನಲ್ಲಿ 21 ಮಂದಿಗೂ ರೋಗ ಮರುಕಳಿಸಿತು. ಅವರ ಸರಾಸರಿ ಅವಧಿ 8.7 ವಾರ. ಔಷಧದ ಗುಂಪಿನಲ್ಲಿ ಮರುಕಳಿಸಿದ್ದು ಒಂಬತ್ತು ಮಂದಿಗೆ ಮಾತ್ರ: 6, 6, 6, 7, 10, 13, 16, 22, 23ನೆಯ ವಾರಗಳಲ್ಲಿ. ಉಳಿದ 12 ಮಂದಿ ಗಮನಿಸಿದಷ್ಟು ಕಾಲವೂ ಶಮನದಲ್ಲಿಯೇ ಇದ್ದರು, ಅವರಲ್ಲಿ ಒಬ್ಬರು 35 ವಾರಗಳವರೆಗೆ.

ಈ 12 ಮಂದಿಯನ್ನು 'ಫಲಿತಾಂಶ ಬಂದಿಲ್ಲ' ಎಂದು ಬಿಟ್ಟುಬಿಟ್ಟರೆ ಔಷಧದ ಗುಂಪಿನ ಸರಾಸರಿ 12.1 ವಾರ ಆಗುತ್ತದೆ. 8.7 ಎಲ್ಲಿ, 12.1 ಎಲ್ಲಿ, ಔಷಧ ಅಷ್ಟಕ್ಕಷ್ಟೇ ಎನ್ನಿಸಿಬಿಡುತ್ತದೆ. ಅವರೆಲ್ಲರಿಗೂ ಕೊನೆಯ ಭೇಟಿಯ ದಿನವೇ ರೋಗ ಮರುಕಳಿಸಿತು ಎಂದು ಬರೆದುಕೊಂಡರೆ 17.1 ವಾರ, ಅದೂ ಸುಳ್ಳೇ. ಸೆನ್ಸರ್ ಆದವರನ್ನು ಅವರ ಜಾಗದಲ್ಲಿಯೇ ಇಟ್ಟು, ಎರಡೂ ಗುಂಪುಗಳಿಗೆ ಒಂದೇ ಬೀಟಾ ಇದೆ ಎಂದು ಭಾವಿಸಿ ವೈಬುಲ್ ವಿತರಣೆಯನ್ನು ಹೊಂದಿಸಿದಾಗ ಬೀಟಾ 1.37, ಈಟಾ ಹುಸಿ ಗುಳಿಗೆಯವರಿಗೆ 9.5 ವಾರ, ಔಷಧದವರಿಗೆ 33.6 ವಾರ ಬರುತ್ತದೆ. ಅರ್ಧದಷ್ಟು ಮಂದಿಗೆ ರೋಗ ಮರುಕಳಿಸುವ ಅವಧಿ 7.2 ವಾರದಿಂದ 25.7 ವಾರಕ್ಕೆ ಏರುತ್ತದೆ. ಔಷಧದ ನಿಜವಾದ ಶಕ್ತಿ ಕಂಡದ್ದು ರೋಗ ಮರುಕಳಿಸಿದ ಒಂಬತ್ತು ಮಂದಿಯಿಂದಲ್ಲ, ಮರುಕಳಿಸದ 12 ಮಂದಿಯಿಂದ.

ಗಣಿತದಲ್ಲಿ ಇದು ಸರಳವಾಗಿಯೇ ಇದೆ. ಗರಿಷ್ಠ ಸಂಭಾವ್ಯತೆಯ ವಿಧಾನದಲ್ಲಿ, ಅಂದರೆ ಕಂಡ ದತ್ತಾಂಶ ಬರುವ ಸಂಭವ ಅತಿ ಹೆಚ್ಚಾಗುವಂಥ ಬೀಟಾ, ಈಟಾಗಳನ್ನು ಹುಡುಕುವ ವಿಧಾನದಲ್ಲಿ, ಕೆಟ್ಟ ವಸ್ತು 'ಇದೇ ಕಾಲಕ್ಕೆ ಕೆಡುವ' ಸಾಂದ್ರತೆಯನ್ನೂ, ಕೆಡದ ವಸ್ತು 'ಇಷ್ಟು ಕಾಲ ಉಳಿಯುವ' ಪಾಲನ್ನೂ ಗುಣಾಕಾರಕ್ಕೆ ಕೊಡುತ್ತವೆ. ತಿಂಗಳಿಗೊಮ್ಮೆ ಮಾತ್ರ ತಪಾಸಣೆ ಇದ್ದರೆ ಎರಡು ತಪಾಸಣೆಗಳ ನಡುವೆ ಕೆಡುವ ಸಂಭವವನ್ನು ಬಳಸಬೇಕು. ಇವೆಲ್ಲಕ್ಕೂ ಒಂದು ಷರತ್ತಿದೆ: ಗಮನ ತಪ್ಪಿದ ಕಾರಣಕ್ಕೂ ಕೆಡುವುದಕ್ಕೂ ಸಂಬಂಧ ಇರಬಾರದು. ಶಬ್ದ ಮಾಡಲು ಶುರುವಾದ ಪಂಪನ್ನು ಕೆಡುವ ಮೊದಲೇ ಇಳಿಸಿ 'ಚೆನ್ನಾಗಿಯೇ ಇತ್ತು' ಎಂದು ದಾಖಲಿಸಿದರೆ ಬಾಳಿಕೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಸಾಫ್ಟ್‌ವೇರ್ ಇಲ್ಲದೆ ಬೀಟಾವನ್ನು ಅಂದಾಜು ಮಾಡಬಹುದೇ?

ಒಂದು ಕ್ಯಾಲ್ಕುಲೇಟರ್ ಸಾಕು. 1956ರಲ್ಲಿ ಲೀಬ್ಲೈನ್ ಮತ್ತು ಝೆಲೆನ್ ಪ್ರಕಟಿಸಿದ 23 ಬಾಲ್ ಬೇರಿಂಗುಗಳ ಪ್ರಸಿದ್ಧ ಪಟ್ಟಿಯಲ್ಲಿ ಮೊದಲು ಕೆಟ್ಟದ್ದು 17.88 ದಶಲಕ್ಷ ಸುತ್ತಿಗೆ, ಕೊನೆಯದು 173.40 ದಶಲಕ್ಷ ಸುತ್ತಿಗೆ. ಪ್ರತಿ ಬೇರಿಂಗ್ ಕೆಡುವ ಹೊತ್ತಿಗೆ ಎಷ್ಟು ಪಾಲು ಕೆಟ್ಟಿರುತ್ತದೆ ಎಂದು ಅಂದಾಜು ಮಾಡಲು ಕ್ರಮಸಂಖ್ಯೆಯಿಂದ 0.3 ಕಳೆದು, ಒಟ್ಟು ಸಂಖ್ಯೆಗೆ 0.4 ಕೂಡಿಸಿ ಭಾಗಿಸುವುದು ಬೆನಾರ್ಡ್ ಸೂತ್ರ. ಅದರಂತೆ ಮೊದಲನೆಯದಕ್ಕೆ 0.7 ಭಾಗಿಸು 23.4, ಅಂದರೆ ಶೇ. 3, ಕೊನೆಯದಕ್ಕೆ ಶೇ. 97. ಈಗ ಉಳಿದ ಪಾಲಿನ ಸ್ವಾಭಾವಿಕ ಲಾಗ್ ತೆಗೆದು, ಚಿಹ್ನೆ ಬದಲಿಸಿ, ಮತ್ತೊಮ್ಮೆ ಲಾಗ್ ತೆಗೆಯಬೇಕು. ಮೊದಲ ಬೇರಿಂಗಿಗೆ ಋಣ 3.49, ಕೊನೆಯದಕ್ಕೆ 1.26 ಬರುತ್ತದೆ. ಸುತ್ತುಗಳ ಲಾಗ್ ಕ್ರಮವಾಗಿ 2.88 ಮತ್ತು 5.16. ಎರಡು ಬಿಂದುಗಳ ನಡುವಿನ ಗೆರೆಯ ಇಳಿಜಾರೇ ಬೀಟಾ: 4.75ನ್ನು 2.27ರಿಂದ ಭಾಗಿಸಿದರೆ 2.09.

ಇಡೀ ಪಟ್ಟಿಯನ್ನು ಗರಿಷ್ಠ ಸಂಭಾವ್ಯತೆಯ ವಿಧಾನಕ್ಕೆ ಒಡ್ಡಿದಾಗ ಬರುವ ಉತ್ತರ 2.10, ಈಟಾ 81.9 ದಶಲಕ್ಷ ಸುತ್ತು. ತುದಿಯ ಎರಡೇ ಬಿಂದುಗಳಿಂದ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಎಲ್ಲ ಬಿಂದುಗಳನ್ನೂ ಗುರುತಿಸಿ ಗೆರೆ ಎಳೆಯಲೇಬೇಕು. ಬಿಂದುಗಳು ನೇರ ಗೆರೆಯಲ್ಲಿ ಕೂತರೆ ವೈಬುಲ್ ಹೊಂದುತ್ತದೆ, ನಡುವೆ ಮೊಣಕೈಯಂತೆ ಮಡಚಿಕೊಂಡರೆ ಎರಡು ಬಗೆಯ ಕಾರಣಗಳು ಬೆರೆತಿವೆ ಎಂದು ಅನುಮಾನಿಸಬೇಕು. ಯಾವ ಸಂಖ್ಯೆಗಿಂತಲೂ ಮೊದಲು ಈ ಚಿತ್ರವನ್ನು ಕಣ್ಣಾರೆ ನೋಡುವುದು ಒಳ್ಳೆಯದು.

ಬಿ-10 ಆಯಸ್ಸು ಎಂದರೇನು, ಸರಾಸರಿಯನ್ನೇ ಏಕೆ ಹೇಳುವುದಿಲ್ಲ?

ಶೇ. 10ರಷ್ಟು ವಸ್ತುಗಳು ಕೆಡುವ ಕಾಲವೇ ಬಿ-10; ಬೇರಿಂಗಿನವರು ಇದನ್ನು ಎಲ್-10 ಎನ್ನುತ್ತಾರೆ. ಮೇಲಿನ ಬೇರಿಂಗುಗಳಿಗೆ ಅದು ಸುಮಾರು 28 ದಶಲಕ್ಷ ಸುತ್ತು, ಸರಾಸರಿಯಾದರೋ 72 ದಶಲಕ್ಷ. ಸರಾಸರಿಯನ್ನು ನಂಬಿ 70 ದಶಲಕ್ಷ ಸುತ್ತಿಗೆ ಗ್ಯಾರಂಟಿ ಕೊಟ್ಟವನ ಬಳಿಗೆ ಅರ್ಧಕ್ಕೂ ಹೆಚ್ಚು ಗಿರಾಕಿಗಳು ಹಿಂದಿರುಗಿ ಬರುತ್ತಾರೆ. ಬೇರಿಂಗ್ ಕ್ಯಾಟಲಾಗಿನಲ್ಲಿ ಹೊರೆಯ ಸಾಮರ್ಥ್ಯವನ್ನು ನಿಜವಾದ ಹೊರೆಯಿಂದ ಭಾಗಿಸಿ ಘನಕ್ಕೆ ಏರಿಸುವ ಸೂತ್ರ ಕೊಡುವುದೂ ಈ ಶೇ. 10ರ ಆಯಸ್ಸನ್ನೇ; ಬಾಲ್ ಬೇರಿಂಗಿನ ಮೇಲಿನ ಹೊರೆ ಇಮ್ಮಡಿಯಾದರೆ ಆಯಸ್ಸು ಎಂಟನೆಯ ಒಂದು ಭಾಗಕ್ಕೆ ಇಳಿಯುವುದು ಆ ಘನದಿಂದ.

ಹಲವು ಭಾಗಗಳಿರುವ ಯಂತ್ರದ ಬಾಳಿಕೆಯನ್ನು ಹೇಗೆ ಲೆಕ್ಕ ಹಾಕುವುದು?

ಒಂದೇ ಬಗೆಯ ನಾಲ್ಕು ಬೇರಿಂಗುಗಳಲ್ಲಿ ಯಾವುದೇ ಒಂದು ಕೆಟ್ಟರೂ ಯಂತ್ರ ನಿಲ್ಲುವುದಾದರೆ, ಯಂತ್ರದ ಆಯಸ್ಸೂ ವೈಬುಲ್ ವಿತರಣೆಯನ್ನೇ ಅನುಸರಿಸುತ್ತದೆ. ಬೀಟಾ ಬದಲಾಗುವುದಿಲ್ಲ, ಈಟಾವನ್ನು ಮಾತ್ರ 4ರ ಬೀಟಾನೆಯ ಮೂಲದಿಂದ ಭಾಗಿಸಬೇಕು. ಮೇಲಿನ ಬೇರಿಂಗುಗಳಾದರೆ 81.9 ದಶಲಕ್ಷ 42.3ಕ್ಕೆ ಇಳಿಯುತ್ತದೆ. ಸರಪಳಿ ತನ್ನ ಅತಿ ದುರ್ಬಲ ಕೊಂಡಿಯಲ್ಲಿ ಹರಿಯುತ್ತದೆ ಎಂಬ ಈ ವಿಚಾರದಿಂದಲೇ ವೈಬುಲ್ ತಮ್ಮ ಸೂತ್ರಕ್ಕೆ ಬಂದದ್ದು.

ಹಜಾರ್ಡ್ ಅನುಪಾತ, ಕಾಲದ ಅನುಪಾತ ಎರಡೂ ಕಾಣುತ್ತವೆ, ಯಾವುದನ್ನು ವರದಿ ಮಾಡಬೇಕು?

ವೈಬುಲ್ ವಿತರಣೆಯಲ್ಲಿ ಎರಡೂ ಒಂದೇ ಮಾತಿನ ಎರಡು ಮುಖಗಳು, ಮತ್ತು ಈ ಸೌಲಭ್ಯ ಇರುವುದು ವೈಬುಲ್‌ಗೂ ಬೀಟಾ 1 ಆದಾಗಿನ ಅದರ ವಿಶೇಷ ರೂಪವಾದ ಎಕ್ಸ್‌ಪೊನೆನ್ಷಿಯಲ್‌ಗೂ ಮಾತ್ರ. ಮೇಲಿನ ಔಷಧ ಪರೀಕ್ಷೆಯಲ್ಲಿ ಔಷಧ ಶಮನದ ಅವಧಿಯನ್ನು 3.55 ಪಟ್ಟು ಹಿಗ್ಗಿಸಿತು. ಇದನ್ನು ಬೀಟಾ ಘಾತಕ್ಕೆ ಏರಿಸಿದರೆ ಸಿಗುವ 5.65 ಹಜಾರ್ಡ್ ಅನುಪಾತ, ಅಂದರೆ ಯಾವುದೇ ವಾರದಲ್ಲಿ ಹುಸಿ ಗುಳಿಗೆಯವರಿಗೆ ರೋಗ ಮರುಕಳಿಸುವ ದರ ಅಷ್ಟು ಪಟ್ಟು. ರೋಗಿಗೆ ಹೇಳುವಾಗ 'ಅವಧಿ ಮೂರೂವರೆ ಪಟ್ಟು ಉದ್ದವಾಗುತ್ತದೆ' ಎಂಬುದೇ ಅರ್ಥವಾಗುವ ಮಾತು ಎಂದು ನನಗೆ ಅನ್ನಿಸುತ್ತದೆ.

ಬೇರೆ ಬೇರೆ ಸಾಫ್ಟ್‌ವೇರುಗಳು ಬೇರೆ ಬೇರೆ ಉತ್ತರ ಕೊಡುತ್ತವೆ ಏಕೆ?

ಬಹುಮಟ್ಟಿಗೆ ಉತ್ತರ ಒಂದೇ ಇರುತ್ತದೆ, ಹೆಸರಿಡುವ ರೀತಿ ಬೇರೆಯಿರುತ್ತದೆ. ಆರ್ ಭಾಷೆಯ 'ಸರ್ವ್‌ರೆಗ್' ಮುದ್ರಿಸುವ 'ಸ್ಕೇಲ್' ಎಂದರೆ 1ನ್ನು ಬೀಟಾದಿಂದ ಭಾಗಿಸಿದ್ದು: 0.732 ಎಂದು ಬಂದರೆ ಬೀಟಾ 1.37. ಅದರ 'ಇಂಟರ್‌ಸೆಪ್ಟ್' ಈಟಾದ ಲಾಗ್. ಎಕ್ಸೆಲ್ಲಿನ ವೈಬುಲ್ ಸೂತ್ರದಲ್ಲಿ ಆಕಾರಕ್ಕೆ ಆಲ್ಫಾ, ವಿಶಿಷ್ಟ ಆಯಸ್ಸಿಗೆ ಬೀಟಾ ಎಂಬ ಹೆಸರಿದೆ, ಅಂದರೆ ಎಂಜಿನಿಯರುಗಳ ರೂಢಿಗೆ ಉಲ್ಟಾ. ಪೈಥಾನಿನ ಸೈಪೈಯಲ್ಲಿ ಆರಂಭಬಿಂದುವನ್ನು ಸೊನ್ನೆಗೆ ಕಟ್ಟಿಹಾಕದಿದ್ದರೆ ಅದು ಮೂರನೆಯ ಸಂಖ್ಯೆಯನ್ನೂ ತಾನೇ ಹುಡುಕಲು ಹೊರಡುತ್ತದೆ, ಆಗ ಉತ್ತರ ನಿಜವಾಗಿಯೂ ಬೇರೆಯಾಗುತ್ತದೆ.

ಆ ಮೂರನೆಯ ಸಂಖ್ಯೆ ಬೇಕೇ?

ಇಷ್ಟು ಕಾಲದವರೆಗೆ ಒಂದೂ ಕೆಡಲು ಸಾಧ್ಯವೇ ಇಲ್ಲ ಎನ್ನಲು ಭೌತಿಕ ಕಾರಣವಿದ್ದರೆ ಮಾತ್ರ ಬೇಕು. ಗೆರೆ ಸ್ವಲ್ಪ ಬಾಗಿದೆ, ಇದನ್ನು ಸೇರಿಸಿದರೆ ನೆಟ್ಟಗಾಗುತ್ತದೆ ಎಂಬುದು ಕಾರಣವಲ್ಲ.

ಎಷ್ಟು ವಸ್ತುಗಳು ಕೆಟ್ಟಿರಬೇಕು?

ಎಣಿಕೆಗೆ ಬರುವುದು ಕೆಟ್ಟವುಗಳ ಸಂಖ್ಯೆ, ಪರೀಕ್ಷೆಗೆ ಇಟ್ಟವುಗಳ ಸಂಖ್ಯೆಯಲ್ಲ. ನಾಲ್ಕೈದು ಕೆಟ್ಟಾಗಲೂ ಗೆರೆ ಎಳೆಯಬಹುದು, ಆದರೆ ಬೀಟಾದ ವಿಶ್ವಾಸದ ವ್ಯಾಪ್ತಿ ಬಹಳ ಅಗಲವಾಗಿರುತ್ತದೆ. ಮೇಲಾಗಿ ಚಿಕ್ಕ ಮಾದರಿಗಳಲ್ಲಿ ಗರಿಷ್ಠ ಸಂಭಾವ್ಯತೆಯ ವಿಧಾನ ಬೀಟಾವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಒಲವು ಉಳ್ಳದ್ದು. ವ್ಯಾಪ್ತಿಯನ್ನು ಬರೆಯದೆ ಬೀಟಾವನ್ನು ಮಾತ್ರ ಬರೆದ ವರದಿಯನ್ನು ಹಿಂದಿರುಗಿಸುವುದು ಲೇಸು.

ಪರೀಕ್ಷೆಯಲ್ಲಿ ಒಂದೂ ಕೆಡದಿದ್ದರೆ?

ಆಗಲೂ ಹೇಳಲು ಮಾತಿದೆ, ಬೀಟಾ ಎಷ್ಟೆಂದು ಹಿಂದಿನ ಅನುಭವದಿಂದ ಗೊತ್ತಿದ್ದರೆ. ಗುರಿಯ ಅವಧಿಯಲ್ಲಿ ಶೇ. 90ರಷ್ಟು ಉಳಿಯುತ್ತವೆ ಎಂದು ಶೇ. 90ರ ವಿಶ್ವಾಸದಿಂದ ಹೇಳಲು, ಅಷ್ಟೇ ಅವಧಿ ಓಡಿಸುವುದಾದರೆ 22 ವಸ್ತುಗಳು ಒಂದೂ ಕೆಡದೆ ಪಾರಾಗಬೇಕು. ಬೀಟಾ 2 ಎಂದು ಒಪ್ಪಿ ಇಮ್ಮಡಿ ಅವಧಿ ಓಡಿಸಿದರೆ ಆರೇ ಸಾಕು. ಖರ್ಚು ಉಳಿಯುತ್ತದೆ ಎಂದು ಎಲ್ಲರಿಗೂ ಇದು ಪ್ರಿಯ. ಆದರೆ ನಿಜವಾದ ಬೀಟಾ 1 ಆಗಿದ್ದರೆ ಅದೇ ಆರು ವಸ್ತುಗಳ ಪರೀಕ್ಷೆ ಶೇ. 90ರ ಬದಲು ಶೇ. 82.5ರಷ್ಟಕ್ಕೆ ಮಾತ್ರ ಸಾಕ್ಷಿ ಹೇಳುತ್ತದೆ. ಒಂದೂ ಕೆಡದ ಪರೀಕ್ಷೆಯಿಂದ ಬೀಟಾ ಸರಿಯೋ ತಪ್ಪೋ ಎಂದು ತಿಳಿಯುವ ದಾರಿ ಇಲ್ಲ ಎಂಬುದೇ ಇಲ್ಲಿನ ತೊಡಕು.

ರಿಪೇರಿ ಮಾಡಿಸಿ ಮತ್ತೆ ಓಡಿಸುವ ಯಂತ್ರಕ್ಕೆ ಇದು ಅನ್ವಯಿಸುತ್ತದೆಯೇ?

ವೈಬುಲ್ ವಿತರಣೆ ಹೇಳುವುದು ಒಂದು ವಸ್ತುವಿನ ಮೊದಲ ಕೆಡುವಿಕೆಯ ಬಗ್ಗೆ. ಕೆಟ್ಟ ಭಾಗವನ್ನು ತೆಗೆದು ಹೊಸದನ್ನೇ ಹಾಕಿದರೆ ಆ ಭಾಗಕ್ಕೆ ಗಡಿಯಾರವನ್ನು ಸೊನ್ನೆಯಿಂದ ಶುರು ಮಾಡಬಹುದು. ಆದರೆ ಮೂರು ಬಾರಿ ವೈಂಡಿಂಗ್ ಮಾಡಿಸಿದ ಮೋಟರು ಹೊಸ ಮೋಟರಲ್ಲ. ಒಂದು ರಿಪೇರಿಯಿಂದ ಇನ್ನೊಂದು ರಿಪೇರಿಯ ನಡುವಿನ ಅಂತರ ಕುಗ್ಗುತ್ತಿದೆಯೇ ಎಂದು ನೋಡಬೇಕಾದ ಕಡೆ ಆ ಅಂತರಗಳನ್ನೆಲ್ಲ ಕಲಸಿ ವೈಬುಲ್ ಹೊಂದಿಸಿದರೆ, ನೋಡಬೇಕಾದ ಸಂಗತಿಯೇ ಅಳಿಸಿಹೋಗುತ್ತದೆ. ಅಲ್ಲಿಗೆ ಪವರ್ ಲಾ ಪ್ರಕ್ರಿಯೆ ಎಂಬ ಬೇರೆ ಮಾದರಿ ಇದೆ.

ವೈಬುಲ್ ಯಾವಾಗ ಹೊಂದುವುದಿಲ್ಲ?

ಕೆಡುವ ದರ ಮೊದಲು ಏರಿ ಆಮೇಲೆ ಇಳಿಯುವ ಕಡೆ, ಉದಾಹರಣೆಗೆ ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ಅಪಾಯದಂಥ ಕಡೆ, ಲಾಗ್-ನಾರ್ಮಲ್ ಅಥವಾ ಲಾಗ್-ಲಾಜಿಸ್ಟಿಕ್ ಎಂಬ ಬೇರೆ ವಿತರಣೆಗಳು ಉತ್ತಮ. ವಯಸ್ಕ ಮನುಷ್ಯರ ಮರಣಕ್ಕೆ ಗೊಂಪರ್ಟ್ಸ್ 1825ರಲ್ಲಿ ಕೊಟ್ಟ ನಿಯಮ ಹೆಚ್ಚು ಒಪ್ಪುತ್ತದೆ: ಅದರಲ್ಲಿ ಮರಣದರದ ಲಾಗ್ ವಯಸ್ಸಿನೊಂದಿಗೆ ನೇರವಾಗಿ ಏರುತ್ತದೆ, ವೈಬುಲ್‌ನಲ್ಲಿ ವಯಸ್ಸಿನ ಲಾಗ್‌ನೊಂದಿಗೆ. ಮೇಲಿನ 23 ಬೇರಿಂಗುಗಳಿಗೂ ಲಾಗ್-ನಾರ್ಮಲ್ ವೈಬುಲ್‌ನಷ್ಟೇ ಚೆನ್ನಾಗಿ ಹೊಂದುತ್ತದೆ.

ದತ್ತಾಂಶ ಮುಗಿದ ಮೇಲಿನ ಕಾಲಕ್ಕೆ ರೇಖೆಯನ್ನು ಚಾಚಬಹುದೇ?

ಚಾಚಬಹುದು, ಆದರೆ ಆಗ ಮಾತನಾಡುತ್ತಿರುವುದು ದತ್ತಾಂಶವಲ್ಲ, ಆರಿಸಿಕೊಂಡ ಸೂತ್ರ. ಅದೇ ಔಷಧದ ಗುಂಪನ್ನು ಮತ್ತೆ ನೋಡಿ. 20 ವಾರಗಳ ನಂತರ ಶಮನದಲ್ಲಿ ಉಳಿಯುವವರು ವೈಬುಲ್ ಪ್ರಕಾರ ಶೇ. 61.2, ಎಕ್ಸ್‌ಪೊನೆನ್ಷಿಯಲ್ ಪ್ರಕಾರ ಶೇ. 60.6, ಯಾವ ಸೂತ್ರವನ್ನೂ ನೆಚ್ಚದ ಕಾಪ್ಲಾನ್-ಮಯರ್ ವಿಧಾನದಲ್ಲಿ ಶೇ. 62.7. ಮೂರರಲ್ಲಿ ಯಾವುದನ್ನು ಆರಿಸಿದರೂ ಯಾರಿಗೂ ತಕರಾರಿಲ್ಲ. ಯಾರನ್ನೂ ಗಮನಿಸಿರದ 52ನೆಯ ವಾರಕ್ಕೆ ಬಂದರೆ ವೈಬುಲ್ ಶೇ. 16 ಎನ್ನುತ್ತದೆ, ಎಕ್ಸ್‌ಪೊನೆನ್ಷಿಯಲ್ ಶೇ. 27 ಎನ್ನುತ್ತದೆ, ಕಾಪ್ಲಾನ್-ಮಯರ್ ರೇಖೆ 35ನೆಯ ವಾರದಲ್ಲಿಯೇ ನಿಂತುಬಿಟ್ಟಿರುತ್ತದೆ.